ಹಿಂದಕ್ಕೆ ನಡೆಯದ ಗಡಿಯಾರ

1984ರಲ್ಲಿ ಹುಟ್ಟಿದ ಟೈಟಾನ್, ಕೀಲಿ ಕೊಡುವ ವಾಚುಗಳ ಕಾಲದಲ್ಲಿ ಕ್ವಾರ್ಟ್ಸನ್ನೇ ನೆಚ್ಚಿ ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿತು. ಹಾಗಾಗಿ ಜವಳಗಿರಿ, ಹೊಸೂರು ಸೀಮೆಯ ನಮಗೆ ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು ಹೊಸದಲ್ಲ. ಅದೇ ಜಾತಿಯ ಹರಳು ಕಂಪ್ಯೂಟರಿನ ಮದರ್‌ಬೋರ್ಡಿನಲ್ಲೂ ಇದೆ. ಯಂತ್ರ ಆರಿರುವಾಗ ಪುಟ್ಟ ಬ್ಯಾಟರಿಯ ಬಲದಿಂದ ದಿನಾಂಕ, ವೇಳೆ ಕಾಯುವುದು ಅದೇ. ಆದರೆ ಕೈಗಡಿಯಾರ ಆರಿಸುವ ಅಳತೆಗೋಲಿನಿಂದಲೇ ಕಂಪ್ಯೂಟರಿನ ಒಳಗಡಿಯಾರವನ್ನೂ ಆರಿಸಿದರೆ ಕೆಲಸ ಕೆಡುತ್ತದೆ. ಯಾವ ಕೆಲಸಕ್ಕೆ ಪ್ರೊಸೆಸರನ್ನು ಎಷ್ಟು ಹೊತ್ತು ಕೊಡಬೇಕು, ಯಾವುದನ್ನು ಯಾವಾಗ ಎಬ್ಬಿಸಬೇಕು ಎಂದು ತೀರ್ಮಾನಿಸುವ ಆಪರೇಟಿಂಗ್ ಸಿಸ್ಟಮ್‌ಗೆ ಈಗ ಗಂಟೆ ಎಷ್ಟೆಂಬುದು ಮುಖ್ಯವಲ್ಲ. ಅದರ ಗಡಿಯಾರ ಎಂದೂ ಹಿಂದಕ್ಕೆ ಹೋಗಬಾರದು, ಒಂದೇ ಹದದಲ್ಲಿ ನಡೆಯಬೇಕು, ಓದುವುದಕ್ಕೇ ಹೊತ್ತು ತಿನ್ನಬಾರದು, ಮತ್ತೊಂದು ಗಡಿಯಾರದ ತಪಾಸಣೆಗೂ ಒಳಪಡಬೇಕು.

ಇದಕ್ಕೆ ಪುರಾವೆ 2012ರ ಜುಲೈ 1. ಅಂದು ಬೆಳಗ್ಗೆ ನಮ್ಮ ಐದೂವರೆಗೆ ಜಗತ್ತಿನ ಅಧಿಕೃತ ಕಾಲಕ್ಕೆ ಒಂದು ಅಧಿಕ ಸೆಕೆಂಡ್ ಸೇರಿತು. ಆ ಬದಲಾವಣೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಟೈಮರ್ ಭಾಗಕ್ಕೆ ಸರಿಯಾಗಿ ಮುಟ್ಟಲಿಲ್ಲ. ಲೋಕದ ವೇಳೆ ನೋಡಿ ಕಾಯುತ್ತಿದ್ದ ಕೆಲಸಗಳು ಅವಧಿಗೆ ಮೊದಲೇ ಮತ್ತೆಮತ್ತೆ ಎದ್ದು ಪ್ರೊಸೆಸರನ್ನು ಆಕ್ರಮಿಸಿದವು. ಎಷ್ಟೋ ಸರ್ವರುಗಳು ಕಂಗೆಟ್ಟವು. ಯಂತ್ರ ಶುರುವಾದಾಗಿನಿಂದ ಮುಂದಕ್ಕಷ್ಟೇ ಎಣಿಸುವ ಮೊನೊಟೋನಿಕ್ ಗಡಿಯಾರವನ್ನು ನಂಬಿದ ಟೈಮರುಗಳಿಗೆ ಈ ದೋಷ ತಟ್ಟಲಿಲ್ಲ. ಹಾಗಾದರೆ ಪರಮಾಣು ಗಡಿಯಾರದ ವೇಳೆಯನ್ನೇ ತಂದುಕೊಂಡರಾಗದೇ ಎಂದು ಕೇಳುವವರಿದ್ದಾರೆ. ದಿನಾಂಕ, ವೇಳೆ ಸರಿಪಡಿಸಲು ಅದು ಬೇಕೇ ಬೇಕು. ಆದರೆ ಹೊರಗಿನಿಂದ ಬರುವ ವೇಳೆ ನೆಟ್‌ವರ್ಕಿನ ತಡವನ್ನೂ ಹೊತ್ತು, ತಿದ್ದುಪಡಿಯ ರೂಪದಲ್ಲೇ ಬರುತ್ತದೆ. ಮೇಲಾಗಿ, ಪರಮಾಣು ಗಡಿಯಾರವೂ ಕೈಕೊಡಬಲ್ಲದು: 2013ರಲ್ಲಿ ಇಸ್ರೋ ಹಾರಿಸಿದ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದ ಮೂರೂ ರುಬಿಡಿಯಂ ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಕೆಟ್ಟವು. ನಿಖರತೆ ಬೇರೆ, ಭರವಸೆ ಬೇರೆ.

ಇಂದಿನ ಇಂಟೆಲ್, ಎಎಮ್‌ಡಿ ಯಂತ್ರಗಳಲ್ಲಿ ಆಯ್ಕೆ ಮುಖ್ಯವಾಗಿ ಮೂರು ಒಳಗಡಿಯಾರಗಳ ನಡುವೆ. ಎಸಿಪಿಐ ಟೈಮರ್ ಸೆಕೆಂಡಿಗೆ 35,79,545 ಎಣಿಸುತ್ತದೆ. 24 ಬಿಟ್‌ನದಾದರೆ ಐದು ಸೆಕೆಂಡಿನೊಳಗೇ ಎಣಿಕೆ ತುಂಬಿ ಸೊನ್ನೆಗೆ ಮರಳುತ್ತದೆ. ಎಚ್‌ಪಿಇಟಿ ಅದಕ್ಕಿಂತ ಸೂಕ್ಷ್ಮ. ಆದರೆ ಪ್ರೊಸೆಸರಿನ ಹೊರಗಿರುವುದರಿಂದ ಓದುವುದು ನಿಧಾನ. ಟಿಎಸ್‌ಸಿ ಪ್ರೊಸೆಸರಿನೊಳಗೇ ಇರುವ ಎಣಿಕೆ. ಅದನ್ನು ಓದಲು ಹತ್ತಾರು ನ್ಯಾನೊಸೆಕೆಂಡ್ ಸಾಕು. ಸೆಕೆಂಡಿಗೆ ಸಾವಿರಾರು ಸಲ ಕೆಲಸ ಬದಲಿಸುವ ಕಡೆ ಈ ವ್ಯತ್ಯಾಸ ಸಣ್ಣದಲ್ಲ. ಟಿಎಸ್‌ಸಿಯ ಮೇಲಿನ ಹಳೆಯ ದೂರು ನಿಜವೇ: ಪ್ರೊಸೆಸರಿನ ವೇಗ ಇಳಿದಾಗ ಅದರ ನಡೆಯೂ ಬದಲಾಗುತ್ತಿತ್ತು, ಕೋರ್‌ನಿಂದ ಕೋರ್‌ಗೆ ಎಣಿಕೆ ಹೊಂದುತ್ತಿರಲಿಲ್ಲ. ಈಚಿನ ಪ್ರೊಸೆಸರುಗಳಲ್ಲಿ ವೇಗ ಏರಲಿ ಇಳಿಯಲಿ, ಟಿಎಸ್‌ಸಿಯ ನಡೆ ಬದಲಾಗದು. ನಿಧಾನವಾದರೂ ಎಚ್‌ಪಿಇಟಿಯೇ ಕ್ಷೇಮವಲ್ಲವೇ ಎಂಬ ವಾದವೂ ನಿಲ್ಲುವುದಿಲ್ಲ. ಇಂಟೆಲ್‌ನ ಕಾಫಿ ಲೇಕ್ ಯಂತ್ರಗಳು ಗಾಢ ನಿದ್ರೆಗೆ ಇಳಿದಾಗ ಎಚ್‌ಪಿಇಟಿಯೇ ನಡೆ ತಪ್ಪುತ್ತಿದ್ದುದರಿಂದ 2019ರಲ್ಲಿ ಲಿನಕ್ಸ್ ಆ ಯಂತ್ರಗಳಲ್ಲಿ ಅದನ್ನು ಕೈಬಿಟ್ಟಿತು.

ಆದ್ದರಿಂದ ನನ್ನ ತೀರ್ಪು ಟಿಎಸ್‌ಸಿಯ ಪರ, ಆದರೆ ಕಾವಲಿಲ್ಲದೆ ಅಲ್ಲ. ಲಿನಕ್ಸ್‌ನಲ್ಲಿ ಅರ್ಧ ಸೆಕೆಂಡಿಗೊಮ್ಮೆ ಒಂದು ಗಡಿಯಾರವನ್ನು ಇನ್ನೊಂದರೊಂದಿಗೆ ಹೋಲಿಸಿ, ದಾರಿ ತಪ್ಪಿದ್ದನ್ನು ಅಸ್ಥಿರವೆಂದು ಬದಿಗಿಡುವ ಕಾವಲು ವ್ಯವಸ್ಥೆಯಿದೆ. ಟಿಎಸ್‌ಸಿ ಅಸ್ಥಿರವೆಂದು ಕರ್ನಲ್ ಲಾಗ್ ಹೇಳಿದಾಗ, ವೇಗದ ಆಸೆಗೆ ಆ ಕಾವಲನ್ನೇ ತೆಗೆದುಹಾಕುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಕಾರಣ ತಿಳಿಯದೆ ಹಾಗೆ ಮಾಡಬೇಡಿ. ಮೊದಲು ಬಯೋಸ್ ನವೀಕರಿಸಿ, ವರ್ಚುವಲ್ ಯಂತ್ರವಾದರೆ ಅದಕ್ಕೆಂದೇ ಇರುವ ಗಡಿಯಾರ ಬಳಸಿ. ಪ್ರೋಗ್ರಾಂ ಬರೆಯುವವರು ಅವಧಿ ಅಳೆಯಲು ಮೊನೊಟೋನಿಕ್ ಗಡಿಯಾರವನ್ನೇ ಕೇಳಿ. ದಿನಾಂಕ ತೋರಿಸಲು ಮಾತ್ರ ಲೋಕದ ವೇಳೆ ಇರಲಿ.