ಚಿತ್ರಕರ್ತ್ರಿ ಬರ್ತ್ ಮೊರಿಸೋ: ಅಪೂರ್ಣತೆಯೆಂಬ ಆಕ್ಷೇಪದ ವಿಚಾರ

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಚಿತ್ರವನ್ನು ನೋಡುವವರನ್ನು ನಾಲ್ಕು ಬಗೆಯಾಗಿ ವಿಂಗಡಿಸುವುದು. ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ವರ್ತನೆಯನ್ನು ಎಂದರೆ ನೆಳಲು ಬೆಳಕುಗಳ ಹದವನ್ನೂ ಮೆಚ್ಚುವರು. ಸ್ತ್ರೀಯರು ಭೂಷಣವನ್ನು ಬಯಸುವರು. ಉಳಿದವರಿಗೆ ಬಣ್ಣದ ಸಮೃದ್ಧಿಯೇ ಸಾಕು. ಇದು ಆ ವಚನದ ತಾತ್ಪರ್ಯ. ಇಲ್ಲಿ ಸ್ತ್ರೀಯು ನೋಡುವವಳಾಗಿ ಬಂದಿರುವಳಲ್ಲದೆ ಬರೆಯುವವಳಾಗಿ ಬಂದಿಲ್ಲ. ಕಥೆಗಳಲ್ಲಿ ಬರೆಯುವ ಸ್ತ್ರೀಯು ಇಲ್ಲವೆಂದಲ್ಲ. ಪುತ್ತೂರು, ಸುಳ್ಯ, ಕಡಬಗಳ ಕಡೆ ಬಾಣಾಸುರನ ಕಥೆಯನ್ನು ಯಕ್ಷಗಾನದಲ್ಲಿ ಕಂಡವರಿಗೆ ಚಿತ್ರಲೇಖೆಯು ಪರಿಚಿತಳೇ. ಉಷೆಯ ಕನಸಿನಲ್ಲಿ ಕಾಣಿಸಿಕೊಂಡವನು ಯಾರೆಂದು ತಿಳಿಯಲು ಆಕೆಯು ದೇವ ಗಂಧರ್ವ ಮನುಷ್ಯರ ರೂಪಗಳನ್ನು ಬರೆದು ತೋರಿಸಿದಳು. ಅನಿರುದ್ಧನ ಗುರುತು ಸಿಕ್ಕಿದ ಬಳಿಕ ಆಕೆಯ ಕುಂಚದ ಮಾತು ಮುಂದಕ್ಕೆ ಬಾರದು. ಸ್ತ್ರೀಯ ಚಿತ್ರವಿದ್ಯೆಯು ಪರರ ಪ್ರಯೋಜನಕ್ಕೆ ಒದಗಿದರೆ ಸ್ತುತ್ಯವು. ಅದೇ ಆಕೆಯ ಜೀವಿತದ ಉದ್ಯೋಗವಾದರೆ ಹೇಗೆಂಬುದನ್ನು ಕಥೆಯು ವಿಚಾರಿಸುವುದಿಲ್ಲ. ಆ ಪ್ರಶ್ನೆಗೆ ಬಾಳಿನಿಂದಲೂ ಕೃತಿಗಳಿಂದಲೂ ಉತ್ತರ ಕೊಟ್ಟವರಲ್ಲಿ ಫ್ರಾನ್ಸ್ ದೇಶದ ಬರ್ತ್ ಮೊರಿಸೋ ಮುಖ್ಯಳು.

ಈಕೆಯು 1841ನೆಯ ಇಸವಿ ಜನವರಿ 14ರಂದು ಬೂರ್ಜ್ ಎಂಬ ಪಟ್ಟಣದಲ್ಲಿ ಹುಟ್ಟಿದಳು. ತಂದೆಯು ಆ ಪ್ರಾಂತದ ಉನ್ನತಾಧಿಕಾರಿ. ಕುಟುಂಬವು ಪ್ಯಾರಿಸಿಗೆ ಬಂದು ನೆಲೆಸಿದ ಮೇಲೆ ಬರ್ತ್ ಮತ್ತು ಆಕೆಯ ಅಕ್ಕ ಎದ್ಮಾ ಇಬ್ಬರೂ ಮನೆಪಾಠವಾಗಿ ಚಿತ್ರವನ್ನು ಕಲಿಯತೊಡಗಿದರು. ಅಲ್ಲಿಯ ಸರಕಾರೀ ಕಲಾಶಾಲೆಯು ಸ್ತ್ರೀಯರಿಗೆ ಬಾಗಿಲು ತೆರೆದುದು 1897ರಲ್ಲಿ. ಗುರುವಾದ ಗಿಶಾರನು ಈ ಹುಡುಗಿಯರು ವಿನೋದಕ್ಕಾಗಿ ಬರೆಯುವವರಾಗಿ ನಿಲ್ಲರು, ಚಿತ್ರಕಾರರೇ ಆಗುವರು, ಅಂಥ ಮನೆತನಕ್ಕೆ ಅದು ಉತ್ಪಾತವೇ ಸರಿ ಎಂದು ತಾಯಿಯನ್ನು ಎಚ್ಚರಿಸಿದನು. ಮುಂದೆ ಪ್ರಕೃತಿಚಿತ್ರಗಳಿಗೆ ಪ್ರಖ್ಯಾತನಾದ ಕೊರೋ ಇವರ ಗುರುವಾದನು. 1864ರಲ್ಲಿ ಸಲೋನ್ ಎಂಬ ರಾಜಮಾನ್ಯ ಪ್ರದರ್ಶನದಲ್ಲಿ ಬರ್ತಳ ಎರಡು ಚಿತ್ರಗಳು ಸ್ವೀಕೃತವಾದುವು. 1869ರಲ್ಲಿ ಎದ್ಮಾ ನೌಕಾಧಿಕಾರಿಯೊಬ್ಬನನ್ನು ವರಿಸಿ ಚಿತ್ರವೃತ್ತಿಯನ್ನು ಬಿಟ್ಟಳು. ಬರ್ತ್ ಬಿಡಲಿಲ್ಲ. 1874ರಲ್ಲಿ ಚಿತ್ರಕಾರ ಎದುಆರ್ ಮಾನೆಯ ತಮ್ಮನಾದ ಯೂಜೆನನನ್ನು ವಿವಾಹವಾದ ಮೇಲೆಯೂ, 1878ರಲ್ಲಿ ಮಗಳು ಜೂಲಿಯು ಹುಟ್ಟಿದ ಮೇಲೆಯೂ, ಕೃತಿಗಳಲ್ಲಿ ತೌರಿನ ಹೆಸರನ್ನೇ ಅಂಕಿತವಾಗಿ ಇರಿಸಿಕೊಂಡಳು.

ಅದೇ 1874ರ ಏಪ್ರಿಲಿನಲ್ಲಿ ಮೊನೆ, ದೆಗಾ, ರೆನ್ವಾರ್, ಪಿಸಾರೋ ಮೊದಲಾದವರು ಸಲೋನನ್ನು ತೊರೆದು ಪ್ರತ್ಯೇಕವಾಗಿ ಪ್ರದರ್ಶನವನ್ನು ನಡೆಸಿದರು. ಸುಮಾರು 30 ಮಂದಿಯಲ್ಲಿ ಸ್ತ್ರೀಯು ಈಕೆಯೊಬ್ಬಳೇ. ಇವರನ್ನು ಹಳಿಯಲು ಹುಟ್ಟಿದ ಇಂಪ್ರೆಷನಿಸ್ಟ್ ಎಂಬ ಮಾತೇ ಪಂಥಕ್ಕೆ ಹೆಸರಾಯಿತು. ವಸ್ತುವಿನ ಶಾಶ್ವತರೂಪವನ್ನು ಬುದ್ಧಿಯಿಂದ ಕಲ್ಪಿಸದೆ, ಒಂದು ಕ್ಷಣದ ಬೆಳಕಿನಲ್ಲಿ ಅದು ಕಣ್ಣಿಗೆ ತೋರಿದಂತೆ ಬರೆಯುವುದು ಇವರ ಗುರಿ. ಅಡಕೆಯ ತೋಟದಲ್ಲಿ ನಡುಹಗಲು ನಡೆದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಗರಿಗಳ ಸಂದಿನಿಂದ ಇಳಿದ ಬಿಸಿಲು ನೆಲದ ಮೇಲೆ ಚೂರುಚೂರಾಗಿ ಅಲುಗುವುದು. ನೆಳಲೂ ಕಪ್ಪಾಗಿರದೆ ಹಸುರು ನೀಲಿಗಳಿಂದ ಕೂಡಿರುವುದು. ವಸ್ತುಗಳ ಅಂಚು ನಿಶ್ಚಿತವಾಗಿ ನಿಲ್ಲದು. ಪಂಥದ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಮೊರಿಸೋಳ ಚಿತ್ರಗಳಿದ್ದುವು. ತಪ್ಪಿದುದು 1879ರದು ಒಂದೇ.

ಈಕೆಯ ವಿಷಯವಾಗಿ ವಿಮರ್ಶಕರು ಆಡಿದ ಮಾತುಗಳು ಎರಡು: ಚಿತ್ರಗಳು ಅಪೂರ್ಣವೆಂಬ ಆಕ್ಷೇಪ ಒಂದು, ಸ್ತ್ರೀಸಹಜವಾದ ಲಾಲಿತ್ಯವುಳ್ಳವೆಂಬ ಪ್ರಶಂಸೆ ಇನ್ನೊಂದು. 1876ರಲ್ಲಿ ಆಲ್ಬರ್ಟ್ ವೂಲ್ಫನು ಪಂಥದವರನ್ನೆಲ್ಲ ಹುಚ್ಚರೆಂದು ಜರೆದು, ಅವರಲ್ಲಿದ್ದ ಸ್ತ್ರೀಗೆ ಮಾತ್ರ ಉನ್ಮಾದದ ನಡುವೆಯೂ ಲಾಲಿತ್ಯ ಉಳಿದಿದೆಯೆಂದು ರಿಯಾಯಿತಿ ಕೊಟ್ಟನು. ಆಕ್ಷೇಪಕ್ಕಿಂತ ಈ ಪ್ರಶಂಸೆಯೇ ಹೆಚ್ಚು ಹಾನಿಕರವಾದುದು. ಅದೆಂತೆಂದರೆ, ಆಕ್ಷೇಪವು ಕೃತಿಯನ್ನು ನೋಡಿ ಹುಟ್ಟಿತು. ಪ್ರಶಂಸೆಯು ಕರ್ತ್ರಿಯ ಜಾತಿಯನ್ನು ನೋಡಿ ಹುಟ್ಟಿತು. ಸಹಜವಾದುದನ್ನು ಸಾಧಿಸಬೇಕಾಗಿಲ್ಲವಷ್ಟೆ, ಆದುದರಿಂದ ಆ ಮಾತಿನಲ್ಲಿ ಆಕೆಯ ಶ್ರಮವೂ ವಿವೇಕವೂ ಲೋಪವಾಗುವುವು.

ಆಕ್ಷೇಪವನ್ನು ಪರೀಕ್ಷಿಸೋಣವಾಗಲಿ. ಪೂರ್ಣಗೊಳಿಸುವ ಶಕ್ತಿಯಿಲ್ಲದೆ ಬಿಟ್ಟುದಾದರೆ ಅದು ದೋಷವು. ಶಕ್ತಿಯಿದ್ದೂ ಬಿಟ್ಟುದಾದರೆ ಕಾರಣವನ್ನು ಹುಡುಕಬೇಕು. ಸಲೋನಿನ ಕಠಿನ ಪರೀಕ್ಷೆಯನ್ನು ಹಲವು ಸಲ ಗೆದ್ದವಳಿಗೆ ಶಕ್ತಿಯಿರಲಿಲ್ಲವೆಂಬುದು ಸಲ್ಲದು. 1872ರ ತೊಟ್ಟಿಲು ಎಂಬ ಚಿತ್ರದಲ್ಲಿ ಎದ್ಮಾ ತನ್ನ ಮಲಗಿದ ಮಗುವನ್ನು ನೋಡುತ್ತಿರುವಳು. ತಾಯಿಯ ಮಡಿಸಿದ ತೋಳಿಗೆ ಮಗುವಿನ ತೋಳು ಪ್ರತಿಬಿಂಬವಾಗಿದೆ. ತೊಟ್ಟಿಲ ತೆಳುಪರದೆಯು ನೋಡುವವರಿಗೂ ಮಗುವಿಗೂ ನಡುವೆ ಇದೆ. ಆ ಪರದೆಯ ಬಿಳುಪಿನಲ್ಲಿ ನೀಲಿ ಗುಲಾಬಿಗಳ ಛಾಯೆಗಳು ಸೇರಿವೆ. ಇದರಲ್ಲಿ ಅಪೂರ್ಣವೇನೂ ಇಲ್ಲ. 1879ರ ಸುಮಾರಿನ ಬೇಸಗೆಯ ದಿನ ಎಂಬ ಚಿತ್ರದಲ್ಲಿಯಾದರೋ ದೋಣಿಯಲ್ಲಿ ಕುಳಿತ ಇಬ್ಬರು ಸ್ತ್ರೀಯರ ಉಡುಪಿಗೂ ನೀರಿಗೂ ಒಂದೇ ಬಗೆಯ ಅಂಕುಡೊಂಕಾದ ಕುಂಚದೆಳೆಗಳು. ಇಲ್ಲಿ ಅಂಚನ್ನು ಬಿಗಿದು ಬರೆದಿದ್ದರೆ ಸ್ತ್ರೀಯರು ಸ್ಫುಟವಾಗುತ್ತಿದ್ದರು, ನೀರಿನ ಚಲನೆಯು ಸತ್ತುಹೋಗುತ್ತಿತ್ತು. ಅಂಗಗಳಿಗಿಂತ ಬೇರೆಯಾಗಿ ಹೊಳೆಯುವ ಲಾವಣ್ಯದಂತೆ ಕಾವ್ಯದಲ್ಲಿ ಪ್ರತೀಯಮಾನವಾದ ಅರ್ಥವಿರುವುದೆಂದು ಆನಂದವರ್ಧನನು ಹೇಳಿದನು. ವಾಚ್ಯವನ್ನು ತಗ್ಗಿಸಿ ವ್ಯಂಗ್ಯವನ್ನು ಮೇಲೆತ್ತುವ ಆ ಕ್ರಮವೇ ಇಲ್ಲಿ ಬಣ್ಣದಲ್ಲಿ ನಡೆದಿದೆ. ಬರಿದೆ ಬಿಟ್ಟ ಬಟ್ಟೆಯೆಲ್ಲ ಧ್ವನಿಯೆಂದು ಇದರ ಅರ್ಥವಲ್ಲ. ತುಂಬಿದರೆ ಏನು ನಷ್ಟವಾಗುವುದೆಂದು ತೋರಿಸಬಲ್ಲಲ್ಲಿ ಮಾತ್ರ ಬಿಟ್ಟುದು ಗುಣವು.

ತುಂಬಿದುದರ ನಿದರ್ಶನವೂ ಒಂದುಂಟು. ತಾಯಿ ಮತ್ತು ಅಕ್ಕನನ್ನು ಕುರಿತು ಬರೆದ ಚಿತ್ರವನ್ನು 1870ರ ಸಲೋನಿಗೆ ಕಳುಹುವ ಮುನ್ನ ಎದುಆರ್ ಮಾನೆಯು ತಿದ್ದಲು ತೊಡಗಿ ತಾಯಿಯ ಆಕೃತಿಯ ಬಹುಭಾಗವನ್ನು ತಾನೇ ಬರೆದುಬಿಟ್ಟನು. ಬರ್ತಳಿಗೆ ಅದರಿಂದ ಸಂತೋಷವಾಗಲಿಲ್ಲ, ವ್ಯಥೆಯೇ ಆಯಿತು.

ವಸ್ತುಗಳು ಸಂಕುಚಿತವೆಂಬ ಮಾತು ಅಷ್ಟಿಷ್ಟು ನಿಜವೇ. ಮನೆ, ತೋಟ, ಮಗು, ಕನ್ನಡಿ ಇವು ಆಕೆಯ ಲೋಕ. ಗಂಡಸರು ಒಂಟಿಯಾಗಿ ತಿರುಗಿದ ಬೀದಿ ಪಾನಗೃಹಗಳು ಆ ಕುಲದ ಸ್ತ್ರೀಗೆ ಮುಚ್ಚಿದ್ದುವು. ಆದರೆ ಆ ಸೀಮೆಯೊಳಗೇ ಅಪೂರ್ವವಾದುದನ್ನು ಆಕೆ ಕಂಡಳು. 1879ರ ಚಿತ್ರವೊಂದರಲ್ಲಿ ಕೂಲಿಯ ದಾದಿಯು ಜೂಲಿಗೆ ಮೊಲೆಯೂಡುತ್ತಿರುವಳು. ತಾಯಿಯು ಎದುರಿಗೆ ನಿಂತು ಬರೆಯುತ್ತಿರುವಳು. ಒಬ್ಬಳ ದುಡಿಮೆಯಿಂದ ಇನ್ನೊಬ್ಬಳ ದುಡಿಮೆಗೆ ಬಿಡುವು ದೊರೆತಿದೆ. ಹೊರಗಿನವರು ಇದನ್ನು ಮಾತೃವಾತ್ಸಲ್ಯದ ಚಿತ್ರವೆಂದಾರು. ವಸ್ತುತಃ ಇದು ಇಬ್ಬರು ಕೆಲಸಗಾರ್ತಿಯರ ಚಿತ್ರವು.

1894ರಲ್ಲಿ, ಕವಿ ಮಲಾರ್ಮೆಯ ಪ್ರಯತ್ನದಿಂದ, ಈಕೆಯ ಚಿತ್ರವೊಂದನ್ನು ಸರಕಾರವು ಕೊಂಡಿತು. ಕಾಯಿಲೆಯಾದ ಮಗಳ ಶುಶ್ರೂಷೆಯಲ್ಲಿ ತಾನೂ ರೋಗಕ್ಕೊಳಗಾಗಿ 1895ರ ಮಾರ್ಚ್ 2ರಂದು, 54ನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಮರಣಪತ್ರದಲ್ಲಿ ‘ವೃತ್ತಿಯಿಲ್ಲ’ ಎಂದು ಬರೆಯಲಾಯಿತು. ಮರುವರುಷ ದೆಗಾ, ಮೊನೆ, ರೆನ್ವಾರ್, ಮಲಾರ್ಮೆ ಇವರು ಜೂಲಿಯೊಡನೆ ಸೇರಿ ಏರ್ಪಡಿಸಿದ ಪ್ರದರ್ಶನದಲ್ಲಿ ಆ ‘ವೃತ್ತಿಯಿಲ್ಲದವಳ’ ಸುಮಾರು 400 ಕೃತಿಗಳಿದ್ದುವು. ತೊಟ್ಟಿಲು 1930ರಲ್ಲಿ ಲೂವ್ರ್ ಸಂಗ್ರಹಾಲಯವನ್ನು ಸೇರಿತು.

ಚಿತ್ರಸೂತ್ರದ ವಿಭಾಗವನ್ನು ಈಕೆಯ ಕೃತಿಗಳ ಮುಂದಿಟ್ಟರೆ ಅದು ತಲೆಕೆಳಗಾಗುವುದು: ಭೂಷಣವನ್ನು ತೊರೆದು ವರ್ತನೆಯನ್ನು ಹಿಡಿದವಳು ಇಲ್ಲಿ ಸ್ತ್ರೀಯೇ. ಲಲಿತ, ಕೋಮಲ, ಸ್ತ್ರೀಸಹಜ ಎಂಬ ವಿಶೇಷಣಗಳು ಸಾಹಿತ್ಯಪಾಠಗಳಲ್ಲಿಯೂ ಕವಯಿತ್ರಿಯರಿಗೆ ಸುಲಭವಾಗಿ ಅಂಟುವುವು. ಕೃತಿಯ ಯಾವ ಅಂಗದಲ್ಲಿ ಆ ಗುಣವಿದೆಯೆಂದು ತೋರಿಸಲಾಗದಿದ್ದರೆ ಅದು ವಿಮರ್ಶೆಯಾಗದು. ಮರಣಪತ್ರವನ್ನು ಬರೆದ ಗುಮಾಸ್ತನ ಮಾತಿಗೆ ಸಮಾನವಾದೀತು.