ತಿಬ್‌ಹಿರಿನ್‌ನ ಪತ್ರ: ವಿಶ್ವಾಸದ ಕಣ್ಣಲ್ಲಿ ಇನ್ನೊಬ್ಬರ ಮುಖ

ಇನ್ನೊಂದು ಧರ್ಮವನ್ನು ಅರಿಯಬೇಕಾದರೆ ತನ್ನ ಧರ್ಮವನ್ನು ಸ್ವಲ್ಪ ಸಡಿಲಿಸಿಕೊಳ್ಳಬೇಕು ಎಂಬ ಅಭಿಪ್ರಾಯ ನಮ್ಮ ಸಾಹಿತ್ಯ ವಲಯದಲ್ಲಿ ಬಲವಾಗಿ ಬೇರೂರಿದೆ. ಗಟ್ಟಿ ವಿಶ್ವಾಸಿಯ ಮನೆಗೆ ಕಿಟಕಿ ಇರುವುದಿಲ್ಲ ಎಂದೇ ಹಲವರ ತೀರ್ಮಾನ. ಈ ತೀರ್ಮಾನವನ್ನು ಅಲುಗಾಡಿಸುವ ಒಂದು ಪುಟ್ಟ ಪತ್ರವಿದೆ. ಬರೆದವರು ಅಲ್ಜೀರಿಯಾದ ತಿಬ್‌ಹಿರಿನ್ ಎಂಬ ಹಳ್ಳಿಯಲ್ಲಿ ಕ್ಯಾಥೊಲಿಕ್ ಸನ್ಯಾಸಿಗಳ ಮಠದ ಮುಖ್ಯಸ್ಥರಾಗಿದ್ದ ಕ್ರಿಸ್ಟಿಯಾನ್ ದ ಶೆರ್ಜೆ ಎಂಬ ಫ್ರೆಂಚ್ ವ್ಯಕ್ತಿ. ತಮ್ಮ ಮರಣಾನಂತರ ಓದಲೆಂದು ಬರೆದಿಟ್ಟ ಪತ್ರವದು.

ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಹೇಳುವುದಾದರೆ, 1992ರಲ್ಲಿ ಚುನಾವಣೆ ರದ್ದಾದ ಬಳಿಕ ಅಲ್ಜೀರಿಯಾ ಅಂತರ್ಯುದ್ಧಕ್ಕೆ ಬಿತ್ತು. 1993ರ ಡಿಸೆಂಬರ್ 14ರಂದು ಮಠಕ್ಕೆ ಸಮೀಪದಲ್ಲೇ ಕ್ರೊಯೇಷಿಯಾದ ಕಾರ್ಮಿಕರ ಕತ್ತು ಕೊಯ್ಯಲಾಯಿತು. ಹತ್ತೇ ದಿನಗಳಲ್ಲಿ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಶಸ್ತ್ರಧಾರಿಗಳು ಮಠದ ಬಾಗಿಲಿಗೇ ಬಂದರು. ಆ ಡಿಸೆಂಬರ್ 1ರಂದು ಆರಂಭವಾದ ಪತ್ರ 1994ರ ಜನವರಿ 1ರಂದು ಮುಗಿಯಿತು. ಸನ್ಯಾಸಿಗಳು ಹಳ್ಳಿ ಬಿಟ್ಟು ಹೋಗಲಿಲ್ಲ. ವೈದ್ಯರಾಗಿದ್ದ ವೃದ್ಧ ಲ್ಯುಕ್ ಹಳ್ಳಿಗರಿಗೆ ಔಷಧ ಕೊಡುತ್ತಲೇ ಇದ್ದರು. 1996ರ ಮಾರ್ಚ್ 26ರ ನಡುರಾತ್ರಿ ಏಳು ಮಂದಿಯನ್ನು ಅಪಹರಿಸಲಾಯಿತು. ಮೇ 30ರಂದು ಸಿಕ್ಕಿದ್ದು ಅವರ ಶಿರಗಳು ಮಾತ್ರ. ಜಿ.ಐ.ಎ. ಎಂಬ ಸಶಸ್ತ್ರ ಗುಂಪು ಹೊಣೆ ಹೊತ್ತುಕೊಂಡಿತಾದರೂ ಸೇನೆಯ ಪಾತ್ರದ ಬಗೆಗಿನ ಸಂಶಯ ಇಂದಿಗೂ ಬಗೆಹರಿದಿಲ್ಲ.

ಇನ್ನು ಪತ್ರದ ವಿಷಯ. ತನ್ನನ್ನು ಯಾರಾದರೂ ಕೊಂದರೆ ಅದರ ಹೊರೆಯನ್ನು ತಾನು ಪ್ರೀತಿಸಿದ ಇಡೀ ಜನತೆಯ ತಲೆಗೆ ಕಟ್ಟಬಾರದೆಂಬುದು ಅವರ ಮೊದಲ ಚಿಂತೆ. ಹುತಾತ್ಮನೆಂಬ ಗೌರವ ತನಗೆ ಸಿಗುವುದು ಒಬ್ಬ ಅಲ್ಜೀರಿಯನ್ನನನ್ನು ಕೊಲೆಗಾರನೆಂದು ಕರೆಯುವ ಬೆಲೆಗಾದರೆ ಅದು ದುಬಾರಿ ಎಂದು ಅವರು ಭಾವಿಸುತ್ತಾರೆ. ಇಸ್ಲಾಮಿನ ಹೆಸರಲ್ಲಿ ಹಿಂಸೆ ನಡೆಸುವವರು ಕಟ್ಟಿಕೊಟ್ಟ ವಿಕೃತ ಚಿತ್ರದ ಅರಿವು ಅವರಿಗಿದೆ. ಆ ಚಿತ್ರವನ್ನೇ ಇಸ್ಲಾಂ ಎಂದು ನಂಬಿ ನೆಮ್ಮದಿಯಿಂದಿರುವ ಯುರೋಪಿನ ಅರಿವೂ ಇದೆ. ಇವೆರಡನ್ನೂ ಒಂದೇ ಉಸಿರಿನಲ್ಲಿ ನಿರಾಕರಿಸುವ ಧೈರ್ಯ ಅವರಿಗೆ ಬಂದದ್ದು ಅವರ ಕ್ರೈಸ್ತ ವಿಶ್ವಾಸದಿಂದಲೇ. ದೇವನು ತನ್ನ ಮುಸ್ಲಿಮ್ ದಾಸರನ್ನು ಹೇಗೆ ನೋಡುತ್ತಿರಬಹುದು? ಸಾವಿನ ನಂತರವಾದರೂ ಆ ನೋಟದಲ್ಲಿ ತನ್ನ ನೋಟವನ್ನು ಬೆರೆಸಿ ನೋಡುವಾಸೆ ಅವರದು. ಕೊನೆಗೆ, ತನ್ನನ್ನು ಕೊಲ್ಲಲಿರುವ ಅಜ್ಞಾತ ವ್ಯಕ್ತಿಯನ್ನೂ ಮಿತ್ರನೆಂದು ಕರೆದು ಸ್ವರ್ಗದಲ್ಲಿ ಭೇಟಿಯಾಗುವ ಆಸೆ ಹೇಳಿಕೊಳ್ಳುತ್ತಾರೆ.

ಪತ್ರದ ಭಾಷೆಯಲ್ಲೊಂದು ಸೂಕ್ಷ್ಮವಿದೆ. ವಿದಾಯಕ್ಕೆ ಫ್ರೆಂಚರು ಹೇಳುವ 'ಅದ್ಯೂ' ಎಂಬ ಪದವನ್ನು ಅವರು ಒಡೆದು ಬರೆಯುತ್ತಾರೆ. ಆಗ ಅದು 'ದೇವನೆಡೆಗೆ' ಎಂದಾಗುತ್ತದೆ. ಉರ್ದುವಿನಲ್ಲಿ ದಿನಕ್ಕೆ ಹತ್ತು ಬಾರಿ 'ಖುದಾ ಹಾಫಿಝ್' ಎನ್ನುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಎಷ್ಟು ಬಾರಿ ಆ ಮಾತಿನೊಳಗಿನ ದೇವನನ್ನು ನೆನೆದು ಹೇಳುತ್ತೇವೆ ಎಂಬುದು ಬೇರೆ ಪ್ರಶ್ನೆ.

ಈ ದೃಷ್ಟಿ ಶೆರ್ಜೆಯವರಿಗೆ ಮಠದ ಗ್ರಂಥಾಲಯದಲ್ಲಿ ಸಿಕ್ಕಿದ್ದಲ್ಲ. 1959ರಲ್ಲಿ, ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, ಅವರು ಆಕ್ರಮಣಕಾರಿ ಸೇನೆಯ ಯುವ ಅಧಿಕಾರಿಯಾಗಿದ್ದರು. ಮುಹಮ್ಮದ್ ಎಂಬ ಗ್ರಾಮ ಕಾವಲುಗಾರ, ಹತ್ತು ಮಕ್ಕಳ ತಂದೆ, ಅವರ ಗೆಳೆಯನಾಗಿದ್ದ. ಒಂದು ಘರ್ಷಣೆಯಲ್ಲಿ ಈತ ನಡುವೆ ಬಂದು ಅವರ ಪ್ರಾಣ ಉಳಿಸಿದ. ಮರುದಿನ ತನ್ನ ಬಾವಿಯ ಬಳಿ ಆತ ಕೊಲೆಯಾಗಿ ಬಿದ್ದಿದ್ದ. ನಿನಗಾಗಿ ಪ್ರಾರ್ಥಿಸುವೆ ಎಂದಿದ್ದ ಶೆರ್ಜೆಗೆ, ಕ್ರೈಸ್ತರಿಗೆ ಪ್ರಾರ್ಥಿಸಲು ಬರುವುದಿಲ್ಲ ಎಂದು ಉತ್ತರಿಸಿದವನೂ ಇವನೇ. ಗೆಳೆಯನಿಗಾಗಿ ಜೀವ ಕೊಡುವುದೇ ಯೇಸುವಿನ ಬೋಧನೆಯ ತಿರುಳಾದರೆ, ಅದನ್ನು ಬಾಳಿ ತೋರಿದವನು ಒಬ್ಬ ಮುಸ್ಲಿಮ್. ಈ ಸತ್ಯವನ್ನು ತನ್ನ ವಿಶ್ವಾಸದೊಳಗೆ ಎಲ್ಲಿಡುವುದೆಂಬ ತಳಮಳವೇ ಅವರನ್ನು 1971ರಲ್ಲಿ ಅಲ್ಜೀರಿಯಾಕ್ಕೆ ಮರಳಿ ತಂದಿತು. ಅರಬಿ ಕಲಿತರು, ಪವಿತ್ರ ಕುರ್‌ಆನ್ ಅಧ್ಯಯನ ಮಾಡಿದರು. ಹಳ್ಳಿಗರ ನಮಾಝಿಗಾಗಿ ಮಠದ ಆವರಣದಲ್ಲೇ ಜಾಗ ಬಿಟ್ಟುಕೊಡಲಾಯಿತು.

ಗ್ಝಾವ್ಯೇ ಬೋವ್ವಾ ನಿರ್ದೇಶಿಸಿದ 'ಆಫ್ ಗಾಡ್ಸ್ ಆಂಡ್ ಮೆನ್' ಚಿತ್ರ ಈ ಸನ್ಯಾಸಿಗಳ ಕತೆ. 2010ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಗ್ರಾಂಡ್ ಪ್ರಿ ಬಹುಮಾನ ಬಂತು. ಸಂಯಮದ, ಶ್ರದ್ಧೆಯ ಚಿತ್ರ. ಬಾಗಿಲಿಗೆ ಬಂದ ಬಂದೂಕುಧಾರಿಯ ಮುಂದೆ ಶೆರ್ಜೆ ಅಲ್ ಮಾಇದಃ ಅಧ್ಯಾಯದಲ್ಲಿ ಕ್ರೈಸ್ತ ಸನ್ಯಾಸಿಗಳ ವಿನಯವನ್ನು ಮೆಚ್ಚುವ 82ನೇ ವಚನವನ್ನು ಹೇಳತೊಡಗಿದಾಗ, ಆತನೇ ಅದನ್ನು ಪೂರ್ಣಗೊಳಿಸುವ ದೃಶ್ಯ ಬಹುಕಾಲ ಕಾಡುತ್ತದೆ. ಆದರೂ ನಮ್ಮದೊಂದು ತಕರಾರಿದೆ. ಚಿತ್ರದಲ್ಲಿ ಕಾವಲುಗಾರ ಮುಹಮ್ಮದ್ ಇಲ್ಲ. ಅವನಿಲ್ಲದಾಗ ಸನ್ಯಾಸಿಗಳ ಪ್ರೀತಿ ಹಳ್ಳಿಗರಿಗೆ ನೀಡಿದ ದಾನದಂತೆ ಕಾಣುತ್ತದೆ. ಅದು ಸಾಲ ತೀರಿಸುವಿಕೆ ಎಂಬುದು ಮರೆಯಾಗುತ್ತದೆ. ಕೊಡುವವರು ಬಿಳಿಯರು, ಪಡೆಯುವವರು ಕಂದು ಬಣ್ಣದವರು ಎಂಬ ಹಳೆಯ ಚೌಕಟ್ಟು ನಿರ್ದೇಶಕರ ಇಚ್ಛೆಗೆ ವಿರುದ್ಧವಾಗಿಯೇ ಮರಳಿ ಬರುತ್ತದೆ.

ಪತ್ರದ ಬಗೆಗೂ ಒಂದು ಮಾತು ಹೇಳಲೇಬೇಕು. ಶೆರ್ಜೆ ಮುಸ್ಲಿಮರನ್ನು ನೋಡುವುದು ಕ್ರಿಸ್ತನ ಬೆಳಕಿನಲ್ಲಿ. ಆ ಬೆಳಕಿನಲ್ಲಿ ನಮ್ಮ ಗುರುತನ್ನು ನಾವು ಪೂರ್ತಿಯಾಗಿ ಕಾಣಲಾರೆವು. ನಮ್ಮ ತೌಹೀದ್ ಬೇರೆಯೇ ಮಾತು ಹೇಳುತ್ತದೆ. ಆದರೆ ಇದನ್ನು ಪತ್ರದ ದೋಷವೆಂದು ನಾವು ಎಣಿಸುವುದಿಲ್ಲ. ತನ್ನ ಕಣ್ಣನ್ನು ಕಿತ್ತಿಟ್ಟು ಯಾರೂ ನೋಡಲಾರರು. ಆ ಕಣ್ಣು ಎದುರಿನವನಲ್ಲಿ ಅಹಿತಕರವಾದ, ಕಲಿಯಬೇಕಾದ ಏನನ್ನಾದರೂ ಕಾಣಲು ಸಿದ್ಧವಿದೆಯೇ ಎಂಬುದೇ ಪರೀಕ್ಷೆ. ಶೆರ್ಜೆ ಆ ಪರೀಕ್ಷೆಯಲ್ಲಿ ತೇರ್ಗಡೆಯಾದವರು.

ಕತೆ ಬರೆಯುವ ನಮಗೆ ಕೊನೆಗೂ ಉಳಿಯುವ ಪ್ರಶ್ನೆ ಇದು: ಮುಹಮ್ಮದ್ ಏನು ಬರೆಯುತ್ತಿದ್ದ? ಅವನ ಪತ್ರ ಯಾರ ಬಳಿಯೂ ಇಲ್ಲ. ಅವನ ವಿಶ್ವಾಸ ಅವನಿಗೆ ಒಬ್ಬ ಫ್ರೆಂಚ್ ಸೈನಿಕನ ಮುಖದಲ್ಲಿ ಏನನ್ನು ತೋರಿಸಿತ್ತೆಂದು ಹೇಳುವವರಿಲ್ಲ. 1996ರ ಆಗಸ್ಟ್ 1ರಂದು ಓರಾನ್‌ನ ಬಿಷಪ್ ಪಿಯೆರ್ ಕ್ಲಾವರಿ ಬಾಂಬ್ ಸ್ಫೋಟದಲ್ಲಿ ಮಡಿದಾಗ ಜೊತೆಗೇ ಮಡಿದವನು ಅವರ ಚಾಲಕ ಮುಹಮ್ಮದ್ ಬೂಶೀಖಿ. ವಯಸ್ಸು 21. ಆತ ಪುಸ್ತಕವೊಂದರಲ್ಲಿ ದೇವನಾಮದಿಂದ ಆರಂಭಿಸಿ ನಾಲ್ಕು ವಿದಾಯದ ಮಾತು ಬರೆದಿಟ್ಟಿದ್ದ. ಕ್ಲಾವರಿ, ಶೆರ್ಜೆ ಮತ್ತವರ ಸಂಗಡಿಗರು ಸೇರಿ 19 ಮಂದಿಯನ್ನು 2018ರ ಡಿಸೆಂಬರ್ 8ರಂದು ಓರಾನ್‌ನಲ್ಲಿ ಚರ್ಚ್ ಪುಣ್ಯವಂತರೆಂದು ಘೋಷಿಸಿತು. ಈ ಇಬ್ಬರು ಮುಹಮ್ಮದರಿಗೆ ಅಂಥ ಪಟ್ಟಿ ಬೇಕಾಗಿಲ್ಲ. ಅವರ ಕತೆ ಬೇಕಾಗಿದೆ. ಅದನ್ನು ಹೇಳುವ ಹೊಣೆ ಕ್ರೈಸ್ತ ಸೋದರರದ್ದಲ್ಲ, ನಮ್ಮದು.