ವೀಸಾ ಇಲ್ಲದ ಪ್ಯಾರಿಸ್

2020ರ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಎಮಿಲಿ ಇನ್ ಪ್ಯಾರಿಸ್’ ಸರಣಿ ತಮ್ಮವರನ್ನು ಸೋಮಾರಿಗಳು, ಸಿಡುಕರು ಎಂಬಂತೆ ತೋರಿಸಿದೆ ಎಂದು ಫ್ರೆಂಚ್ ವಿಮರ್ಶಕರು ಸಿಟ್ಟಾಗಿದ್ದರು. ನಾಯಕಿ ಎಮಿಲಿಯ ದುಬಾರಿ ಉಡುಪು, ಹೆಸರಿಗೆ ಮಾತ್ರ ಆಳುಗಳ ಕೋಣೆಯಾಗಿರುವ ಅವಳ ವಿಶಾಲವಾದ ಮನೆ, ಇವುಗಳ ಬಗ್ಗೆಯೂ ಸಾಕಷ್ಟು ಮಾತಾಗಿದೆ. ನನಗೆ ಇವು ದೊಡ್ಡ ತಪ್ಪುಗಳೆನಿಸುವುದಿಲ್ಲ. ಕನಸಿನ ಕಥೆಗೆ ಚಂದದ ಬಟ್ಟೆ, ಮನೆ ಇರಲಿ.

ನನ್ನ ತಕರಾರು ಬೇರೆ. ಷಿಕಾಗೊದ ಮೇಲಧಿಕಾರಿ ಬಸುರಿಯಾದ್ದರಿಂದ, ಅವಳ ಬದಲಿಗೆ, ಫ್ರೆಂಚ್ ಬಾರದ ಎಮಿಲಿ ಪ್ಯಾರಿಸ್ಸಿನ ಕಚೇರಿಗೆ ಬರುತ್ತಾಳೆ. ಅಷ್ಟನ್ನು ಒಪ್ಪೋಣ. ಮೂರನೆಯ ಸೀಸನ್ನಿನಲ್ಲಿ ಅವಳ ಕೆಲಸ ಹೋಗುತ್ತದೆ. ಅವಳು ಊರು ಸುತ್ತುತ್ತಾಳೆ, ನೆರೆಮನೆಯ ಬಾಣಸಿಗ ಗೇಬ್ರಿಯೆಲ್‌ನ ರೆಸ್ಟೋರೆಂಟಿನಲ್ಲಿ ಬಡಿಸಲು ನಿಲ್ಲುತ್ತಾಳೆ. ಸರಣಿ ನಿಜಕ್ಕೂ ಸುಳ್ಳಾಡುವುದು ಇಲ್ಲಿ. ಕಂಪನಿಯ ವರ್ಗಾವಣೆಯ ಮೇಲೆ ಫ್ರಾನ್ಸಿಗೆ ಬಂದವರ ವಾಸದ ಪರವಾನಗಿ ಆ ಕಂಪನಿಯ ಕೆಲಸಕ್ಕೇ ಅಂಟಿಕೊಂಡದ್ದು, ಅದೂ ಕೆಲವು ವರ್ಷಗಳಿಗೆ ಮಾತ್ರ. ಕೆಲಸ ಹೋದರೆ ಊಟ ಬಡಿಸುವ ಹಕ್ಕಿರಲಿ, ಆ ಊರಿನಲ್ಲಿ ಉಳಿಯುವ ಹಕ್ಕೇ ಅಲ್ಲಾಡುತ್ತದೆ.

ಇದರ ಭಾರ ಕನ್ನಡದ ಅನೇಕ ಮನೆಗಳಿಗೆ ಗೊತ್ತು. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವವರಿಗೆ ಕೆಲಸದ ಕೊನೆಯ ದಿನದಿಂದ ಸಿಗುವ ಗಡುವು ಗರಿಷ್ಠ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಬೇರೆ ವೀಸಾಕ್ಕೆ ಪ್ರಯತ್ನಿಸಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಮಗುವಿನ ಶಾಲೆ, ಮನೆಯ ಸಾಲ, ಬೆಂಗಳೂರಿನಲ್ಲಿ ಫೋನಿಗಾಗಿ ಕಾಯುವ ತಂದೆತಾಯಿ, ಎಲ್ಲವೂ ಆ ಗಡುವಿನೊಳಗೇ ಬರುತ್ತವೆ. ಹಾಗಾಗಿ ಮೇಲಧಿಕಾರಿ ಎಷ್ಟೇ ಕಾಡಿದರೂ ಜನ ಎದುರಾಡುವುದಿಲ್ಲ. ರಾಜೀನಾಮೆ ಬಿಸಾಕಿ ಬರುವ ಧೈರ್ಯಕ್ಕೆ ಅಲ್ಲಿ ಬೇರೆಯೇ ಬೆಲೆಯಿದೆ.

ಈ ಭಯವನ್ನು ಸರಣಿಗೆ ತಂದಿದ್ದರೆ ರಂಜನೆ ಕೆಡುತ್ತಿತ್ತೇ? ನನಗೆ ಹಾಗನಿಸುವುದಿಲ್ಲ. ಎಮಿಲಿಯ ಪ್ಯಾರಿಸ್ಸಿನ ಮೇಲಧಿಕಾರಿಯಾಗಿ ಫಿಲಿಪೀನ್ ಲೆರುವಾ-ಬೋಲಿಯೊ ನಟಿಸಿರುವ ಸಿಲ್ವಿ ಇಡೀ ಸರಣಿಯ ಅತ್ಯುತ್ತಮ ಪಾತ್ರ. ಅವಳ ಒಂದು ನೋಟಕ್ಕೆ ಎಮಿಲಿ ಕುಗ್ಗಿಹೋಗುತ್ತಾಳೆ. ಎಮಿಲಿ ಆ ದೇಶದಲ್ಲಿ ಉಳಿಯುವುದು ಸಿಲ್ವಿಯ ಸಹಿಯ ಮೇಲೆ ನಿಂತಿದ್ದರೆ ಅವರಿಬ್ಬರ ಪ್ರತಿ ಜಗಳಕ್ಕೂ ತೂಕ ಬರುತ್ತಿತ್ತು. ಈಗಲೋ ಎಮಿಲಿಯ ಎಡವಟ್ಟುಗಳೆಲ್ಲ ಒಂದು ಒಳ್ಳೆಯ ಐಡಿಯಾದಿಂದ ಸರಿಹೋಗುತ್ತವೆ, ಮತ್ತೆ ಪಾರ್ಟಿ.

ಪ್ಯಾರಿಸ್ಸಿನ ಬೀದಿಗಳನ್ನು, ಬೆಳಕನ್ನು ಈ ಸರಣಿ ಪ್ರೀತಿಯಿಂದಲೇ ಹಿಡಿದಿದೆ. ಅದಕ್ಕಾಗಿ ನೋಡಿ. ಪರದೇಶದ ನೌಕರಿಯ ಕಥೆಯಾಗಿ ಮಾತ್ರ ಅದು ಸೋತಿದೆ.